ಮೇಷ್ಟ್ರ ರಕ್ತ ಹೊರಗೆ ಹೋಗಿ ಬಂದದ್ದು

ಮಾರ್ಚ್ ತಿಂಗಳು. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಮೂಡಣ ಗುಡ್ಡಗಳು ಸಾಸಿವೆ ಹೂ ಮುಡಿದು ಹಸಿರಾಗಿವೆ. ಬೇಸಿಗೆ ಬಂತೆಂದರೆ ಇವೇ ಗುಡ್ಡಗಳು ಹುಲ್ಲುಮೆದೆಯ ಬಣ್ಣಕ್ಕೆ ತಿರುಗುತ್ತವೆ. ಪಕ್ಕದ ಮನೆಯ ಹಿತ್ತಿಲಲ್ಲಿ ಬಿಸಿಲು ಕಾಯಿಸುತ್ತ ಕೂತ ಮೇಷ್ಟ್ರ ಮಡಿಲಲ್ಲೊಂದು ದಿಂಬು. ಕೆಮ್ಮು ಬಂದಾಗ ಅದನ್ನು ಎದೆಗೆ ಅವುಚಿಕೊಳ್ಳುತ್ತಾರೆ, ಸೀಳಿ ತಂತಿ ಬಿಗಿದ ಎದೆಮೂಳೆ ಅದುರದಿರಲೆಂದು. ಹಾಸನದಿಂದ ಮಗನ ಮನೆಗೆ ಬಂದವರು ಇಲ್ಲಿ ಹೃದಯದ ಕವಾಟ ಬದಲಾಯಿಸಿಕೊಂಡು ಮೂರು ವಾರವಾಯಿತು.

"ಬೈಪಾಸ್ ಅಂತಾರಲ್ಲ, ನನಗೂ ಅದೇ ಆಗಿದ್ದಾ?"

ನಮ್ಮ ಜನ ಬೈಪಾಸ್ ಎನ್ನುವುದು ಕಟ್ಟಿಕೊಂಡ ರಕ್ತನಾಳಕ್ಕೆ ಹಾಕುವ ಬಳಸುದಾರಿಗೆ. ಆಪರೇಷನ್ ಥಿಯೇಟರಿನ ಒಳಗೆ ಅದಕ್ಕೆ ಇನ್ನೂ ಒಂದು ಅರ್ಥವಿದೆ: ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸುವುದು. ಮೇಷ್ಟ್ರಿಗೆ ಆದದ್ದು ಇದು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ 18ರ ಯುವತಿಯನ್ನು 26 ನಿಮಿಷ ಪೂರ್ತಿ ಯಂತ್ರದ ಮೇಲಿಟ್ಟು ಹೃದಯದ ತೂತು ಮುಚ್ಚಿದರು. 1968ರ ಜನವರಿಯಲ್ಲಿ ಇಲ್ಲಿನ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದ ಸ್ಟ್ಯಾನ್‌ಫರ್ಡಿನಲ್ಲಿ ನಾರ್ಮನ್ ಶಮ್‌ವೇ ಹೃದಯವನ್ನೇ ಕಸಿ ಮಾಡಿದರು.

ರಕ್ತ ಯಂತ್ರಕ್ಕೆ ಹರಿಯುವವರೆಗೆ ನಾಳಗಳ ನುಣುಪು ಒಳಪದರವನ್ನಲ್ಲದೆ ಬೇರೇನನ್ನೂ ಮುಟ್ಟಿರುವುದಿಲ್ಲ. ಪ್ಲಾಸ್ಟಿಕ್ ಕೊಳವೆ ತಾಗಿದ್ದೇ ತಡ, ಎಲ್ಲೋ ಗಾಯವಾಗಿದೆಯೆಂದು ಹೆಪ್ಪುಗಟ್ಟಲು ಹೊರಡುತ್ತದೆ. ಅದನ್ನು ತಡೆಯಲು ಹೆಪಾರಿನ್, ಕೆಲಸ ಮುಗಿದ ಮೇಲೆ ಹೆಪಾರಿನ್ನನ್ನು ಇಳಿಸಲು ಪ್ರೊಟಮಿನ್. ಮೊದಲನೆಯದು ಹಂದಿಯ ಕರುಳಿನದು, ಎರಡನೆಯದು ಸಾಲ್ಮನ್ ಮೀನಿನ ವೀರ್ಯದಿಂದ ಬಂದದ್ದು. ಈರುಳ್ಳಿಯನ್ನೂ ಮುಟ್ಟದ ಮೇಷ್ಟ್ರಿಗೆ ಇದನ್ನು ನಾನಂತೂ ಹೇಳಲಿಲ್ಲ.

ಅವರ ಮುಖ ಇನ್ನೂ ಬಿಳಿಚಿಕೊಂಡಿದೆ. ಕೊಳವೆಗಳಲ್ಲಿ ಮೊದಲೇ ತುಂಬಿಟ್ಟ ದ್ರವ ಸೇರಿ ರಕ್ತ ತೆಳುವಾಗುತ್ತದೆ, ಕೆಂಪುಕಣಗಳೂ ಒಡೆಯುತ್ತವೆ. ಅವಕ್ಕೆ ಯಂತ್ರದ ಪಂಪಿಗಿಂತ ಹೆಚ್ಚು ಪೆಟ್ಟು ಕೊಡುವುದು ಎದೆಗೂಡಿನಲ್ಲಿ ಸೋರಿದ ರಕ್ತವನ್ನು ಗಾಳಿಯೊಡನೆ ಹೀರುವ ನಳಿಗೆ. ಒಡೆದ ಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನ್ನನ್ನು ಸೋಸುವ ಪಾಡು ಕಿಡ್ನಿಯದು; ಆಪರೇಷನ್ನಿನ ಮರುದಿನ ನರ್ಸ್ ಮೂತ್ರವನ್ನು ಅಳೆದಳೆದು ಬರೆದುಕೊಂಡದ್ದು ಸುಮ್ಮನೆ ಅಲ್ಲ. ಡೆಂಗಿಯಿಂದ ನಮಗೆಲ್ಲ ಮನೆಮಾತಾದ ಪ್ಲೇಟ್‌ಲೆಟ್‌ಗಳು ಕೊಳವೆಗೇ ಅಂಟಿ ಕಡಿಮೆಯಾಗುತ್ತವೆ, ಉಳಿದವು ಸುಸ್ತಾಗಿರುತ್ತವೆ. ಬಿಳಿಕಣಗಳು ಮಾತ್ರ ಕೆರಳಿ, ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಠಿಕಾಣಿ ಹೂಡುತ್ತವೆ. ನಾಳಗಳಿಂದ ನೀರು ಜಿನುಗಿ ಮೈ ಊದುತ್ತದೆ. ಆಸ್ಪತ್ರೆಯಲ್ಲಿ ತಮ್ಮ ಬೆರಳಿನ ಉಂಗುರ ಬಿಗಿಯಾಗಿದ್ದನ್ನು ಮೇಷ್ಟ್ರು ಕತೆಯಂತೆ ಹೇಳುತ್ತಾರೆ.

"ಹೆಸರುಗಳು ಮರೆತು ಹೋಗ್ತಾವೆ ಕಣಯ್ಯ. ನಲವತ್ತು ವರ್ಷ ಹಾಜರಿ ಕೂಗಿದೋನು ನಾನು!"

ಇಂಥ ಮರೆವನ್ನು ಹಿಂದೆ ಪಂಪಿನ ತಲೆಗೇ ಕಟ್ಟುತ್ತಿದ್ದರು. ಪಂಪಿಲ್ಲದೆ ಮಾಡಿದ ಹೃದಯದ ಆಪರೇಷನ್‌ಗಳ ನಂತರವೂ ಕೆಲವರಿಗೆ ಹೀಗಾದದ್ದು ಕಂಡ ಮೇಲೆ, ಅದೊಂದೇ ಅಪರಾಧಿಯೆಂದು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ.

"ಮಾವ, ಹತ್ತು ಸಲ ಆಗಿಲ್ಲ," ಸೊಸೆ ಒಳಗಿನಿಂದ ಕೂಗಿದಳು. ಉಸಿರು ಹೀರಿದರೆ ಬಿಲ್ಲೆ ಮೇಲೇರುವ ಪ್ಲಾಸ್ಟಿಕ್ ಉಪಕರಣವನ್ನು ಮೇಷ್ಟ್ರು ಬಾಯಿಗಿಟ್ಟರು. ಯಂತ್ರ ನಡೆಯುವಾಗ ಗಾಳಿಯಿಲ್ಲದೆ ಮುದುಡಿದ ಶ್ವಾಸಕೋಶದ ಗೂಡುಗಳು ಅರಳಬೇಕು. ಬಿಲ್ಲೆ ನಡುಗುತ್ತ ಏರಿತು, ನಿಂತಿತು, ಇಳಿಯಿತು. ಒಂಬತ್ತು. ಹತ್ತು.

ಅಷ್ಟರಲ್ಲಿ ಪಡುವಣ ಗಾಳಿ ಬೀಸಿತು. ಮೇಷ್ಟ್ರು ಮೂಗರಳಿಸಿದರು.

"ಏನಮ್ಮ ಇದು, ಕಸದ ವಾಸನೆ?"

"ಕೊಲ್ಲಿ ಕಡೆ ಕಸದ ಗುಡ್ಡೆ ಇದೆಯಲ್ಲ ಮಾವ. ನೀವು ಇಷ್ಟು ದಿನ ಇದನ್ನ ಕೇಳೇ ಇರಲಿಲ್ಲ."