ಲೂಟಿಯ ಮಾಲಿಗೆ ಅಂಟಿದ ಶಾಪ

ದೇವನಹಳ್ಳಿ ಕೋಟೆಯ ಹೊರಗೆ ಕಲ್ಲುಕಂಬಗಳ ಒಂದು ಪುಟ್ಟ ಮಂಟಪವಿದೆ. ಟಿಪ್ಪು ಸುಲ್ತಾನ್ ಹುಟ್ಟಿದ ಜಾಗ ಇದೆಂದು ಅಲ್ಲಿನ ಫಲಕ ಹೇಳುತ್ತದೆ. ಇಂಗ್ಲಿಷಿನ ಅಗ್ಗದ ಭಯಾನಕ ಕಥೆಗಳಿಗೂ ಈ ಊರಿಗೂ ಎತ್ತಣ ಸಂಬಂಧ ಎನಿಸಬಹುದು. ಆದರೆ ಮುಟ್ಟಿದವನ ಮನೆ ಹಾಳುಮಾಡುವ ರತ್ನ, ದೇವರ ಹಣೆಯಿಂದ ಕಿತ್ತ ವಜ್ರ, ಹಿಂದೆ ಬಿದ್ದು ಕಾಡುವ ಕಾವಲುಗಾರರು ಎಂಬ ಕಥೆಗಳ ಜಾಡು ಹಿಡಿದು ಹೊರಟರೆ, ಮುಖ್ಯವಾದ ಒಂದು ದಾರಿ ಇಲ್ಲಿ ಹುಟ್ಟಿದ ಟಿಪ್ಪುವಿನ ಖಜಾನೆಗೇ ಹೋಗಿ ಮುಟ್ಟುತ್ತದೆ.

1799ರ ಮೇ 4ರಂದು ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿತ್ತು. ಆ ರಾತ್ರಿಯಿಡೀ ಸೈನಿಕರು ಊರನ್ನು ದೋಚಿದರು. ಲೂಟಿಯಾಗದೆ ಉಳಿದ ಮನೆ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಬಾಳುವ ಒಡವೆಗಳೂ ಚಿನ್ನದ ಗಟ್ಟಿಗಳೂ ದಂಡಿನ ಸಂತೆಯಲ್ಲೇ ಮಾರಾಟಕ್ಕೆ ಬಂದಿವೆಯಂತೆ ಎಂದು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವೇ ದಿನಗಳಲ್ಲಿ ಅಣ್ಣನಿಗೆ ಪತ್ರ ಬರೆದ. ಟಿಪ್ಪುವಿನ ಸಿಂಹಾಸನವನ್ನು ತುಂಡುತುಂಡು ಮಾಡಿ ಹಂಚಿಕೊಂಡರು. ಅದರ ಮೇಲಿದ್ದ ರತ್ನಖಚಿತ ಹುಮಾ ಹಕ್ಕಿ ವಿಂಡ್ಸರ್ ಅರಮನೆ ಸೇರಿತು.

ವಿಲ್ಕಿ ಕಾಲಿನ್ಸ್ ತನ್ನ 'ದಿ ಮೂನ್‌ಸ್ಟೋನ್' ಕಾದಂಬರಿಯನ್ನು ಶುರುಮಾಡುವುದು ಇದೇ ಲೂಟಿಯಿಂದ. 1868ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂತು. ಒಬ್ಬ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಶಸ್ತ್ರಾಗಾರದಲ್ಲಿ ನಿಂತಿದ್ದಾನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಬಾಕು. ಬಾಕುವಿನ ಹಿಡಿಯ ತುದಿಯಲ್ಲಿ ಹಳದಿ ವಜ್ರ ಬೆಂಕಿಯಂತೆ ಹೊಳೆಯುತ್ತಿದೆ. ಬಾಗಿಲಿಗೆ ಅಡ್ಡಲಾಗಿ ಇಬ್ಬರು ಸತ್ತು ಬಿದ್ದಿದ್ದಾರೆ. ಮೂರನೆಯವನು ಪ್ರಾಣ ಬಿಡುತ್ತಲೇ, ಈ ಕಲ್ಲು ನಿನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತದೆ ಎನ್ನುತ್ತಾನೆ. ಚಂದ್ರದೇವನ ಹಣೆಯಲ್ಲಿದ್ದ ಆ ಕಲ್ಲು ಕೈಯಿಂದ ಕೈಗೆ ದೋಚಿಸಿಕೊಳ್ಳುತ್ತ ಟಿಪ್ಪುವಿನ ಬಳಿಗೆ ಬಂದಿತ್ತು ಎಂಬುದು ಕಾಲಿನ್ಸನ ಕಲ್ಪನೆ. ಕೊಹಿನೂರ್ ಮತ್ತು ರಷ್ಯದ ರಾಜದಂಡದ ವಜ್ರದ ಕಥೆಗಳು ತನಗೆ ಆಧಾರವೆಂದು ಅವನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ.

ಭಾರತಕ್ಕೆ ಎಂದೂ ಬಾರದ ಆ ಲೇಖಕನಿಗೆ ಒಂದು ವಿಷಯ ಸರಿಯಾಗಿ ತಿಳಿದಿತ್ತು: ಶಾಪ ಅಂಟುವುದು ಕಲ್ಲಿಗಲ್ಲ, ಕಸಿದುಕೊಂಡ ಕೃತ್ಯಕ್ಕೆ. ಅವನ ನಂತರ ಬಂದವರಲ್ಲಿ ಹಲವರು ಇದನ್ನು ಮರೆತರು. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ 'ದಿ ಮಂಕೀಸ್ ಪಾ' ಕಥೆಯಲ್ಲಿ ಭಾರತದಿಂದ ಸೈನಿಕನೊಬ್ಬ ತಂದ ಒಣಗಿದ ಕೋತಿಯ ಪಂಜ ಬರುತ್ತದೆ. ಅದಕ್ಕೆ ಮಂತ್ರ ಹಾಕಿದವನು ಯಾರೋ ಫಕೀರ. ಬೇಡಿದ್ದನ್ನು ಕೊಡುವ ಆ ಪಂಜ ಕೈಗೆ ಬಂದ ಮುದುಕ ಇನ್ನೂರು ಪೌಂಡ್ ಬೇಡುತ್ತಾನೆ. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ ಅಷ್ಟೇ ಹಣ ಮನೆಗೆ ಬರುತ್ತದೆ. ಓದಿದರೆ ಇವತ್ತಿಗೂ ಮೈ ಜುಂ ಎನ್ನುತ್ತದೆ, ಆದರೆ ಇಲ್ಲಿ ಲೂಟಿಯ ಸುಳಿವೇ ಇಲ್ಲ. ಭಯದ ತವರು ಭಾರತ ಎಂಬುದಷ್ಟೇ ಉಳಿದಿದೆ.

ಇಂಥ ಶಾಪ ಪುಸ್ತಕಗಳಲ್ಲಷ್ಟೇ ಇಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ 'ದೆಹಲಿಯ ನೇರಳೆ ನೀಲಮಣಿ' ಎಂಬ ಕಲ್ಲಿದೆ. ಅಸಲಿಗೆ ಅದು ಅಮೆಥಿಸ್ಟ್. 1857ರಲ್ಲಿ ಕಾನ್ಪುರದ ಇಂದ್ರನ ಗುಡಿಯಿಂದ ದೋಚಿದ್ದು, ಶಾಪಗ್ರಸ್ತವಾದದ್ದು ಎಂದು ಅದರ ಒಡೆಯ ಎಡ್ವರ್ಡ್ ಹೆರಾನ್-ಅಲೆನ್ ಪತ್ರ ಬರೆದಿಟ್ಟಿದ್ದ. ಅದೇ ಮನುಷ್ಯ ಬೇರೆ ಹೆಸರಿನಲ್ಲಿ ಆ ಕಲ್ಲಿನ ಮೇಲೆ ಕಥೆಯನ್ನೂ ಬರೆದ. ಕಥೆಗೆ ಬಲ ಬರಲೆಂದೇ ಶಾಪವನ್ನು ಕಟ್ಟಿದನೆಂಬ ಅನುಮಾನ ಇದೆ.

ಕನ್ನಡಿಗರಿಗೆ ಒಡವೆಯ ಶಾಪ ಹೊಸದಲ್ಲ. ಅದೂ ಅದೇ ಶ್ರೀರಂಗಪಟ್ಟಣದ ಒಡವೆ. 1610ರಲ್ಲಿ ರಾಜ ಒಡೆಯರು ಊರನ್ನು ವಶಪಡಿಸಿಕೊಂಡ ಮೇಲೆ, ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಆಭರಣಗಳಿಗಾಗಿ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಬಳಿಗೆ ಆಳು ಕಳಿಸಿದರಂತೆ. ಆಕೆ ತಲಕಾಡು, ಮಾಲಂಗಿ, ಮೈಸೂರು ದೊರೆಗಳ ಸಂತಾನ, ಮೂರನ್ನೂ ಶಪಿಸಿ ಕಾವೇರಿಗೆ ಹಾರಿದಳಂತೆ. ನಮ್ಮ ಈ ಕಥೆ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಇಲ್ಲಿ ಶಪಿಸಿದವಳಿಗೆ ಹೆಸರಿದೆ, ಮುಖವಿದೆ, ಮೈಸೂರು ಅರಮನೆಯಲ್ಲಿ ಪೂಜೆಯೂ ಇದೆ. ಕಾಲಿನ್ಸನ ವಜ್ರದ ಬೆನ್ನು ಹತ್ತಿದ ಮೂವರು ಬ್ರಾಹ್ಮಣರಿಗೆ ಹೆಸರೂ ಇಲ್ಲ.

ದೇವನಹಳ್ಳಿಯೂ ಲೂಟಿಯ ಈ ಕೊಂಡಿಯಿಂದ ಹೊರಗಿಲ್ಲ. 1750ರಲ್ಲಿ ಹೈದರಾಬಾದಿನ ನಿಜಾಮ ನಾಸಿರ್ ಜಂಗ್ ಕೊಲೆಯಾದ ಗದ್ದಲದಲ್ಲಿ ಟಿಪ್ಪುವಿನ ತಂದೆ ಹೈದರ್‌ನ ಬೇಡರ ಪಡೆ ಚಿನ್ನದ ನಾಣ್ಯ ಹೇರಿದ ಒಂಟೆಗಳನ್ನು ಹೊಡೆದುಕೊಂಡು ಬಂದು ಈ ಊರಿಗೇ ಮುಟ್ಟಿಸಿತೆಂದು ಬ್ರಿಟಿಷ್ ಇತಿಹಾಸಕಾರರು ಬರೆದಿದ್ದಾರೆ. ಹೈದರ್ ಮೇಲೇರಲು ನೆರವಾದದ್ದು ಆ ಹಣ. ಅವನ ಮಗನ ಖಜಾನೆ ಲೂಟಿಯಾದದ್ದು ಸುಮಾರು ಐವತ್ತು ವರ್ಷಗಳ ಮೇಲೆ.

ಶಾಪದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಹರಾಜಿನಲ್ಲಿ ಕೊಂಡ ಟಿಪ್ಪು ಖಡ್ಗವನ್ನು, ಕುಟುಂಬಕ್ಕೆ ಅಶುಭವಾಯಿತೆಂದು ಬೇರೆಯವರಿಗೆ ಕೊಟ್ಟುಬಿಟ್ಟ ಸಂಗತಿ 2018ರಲ್ಲಿ ಲಂಡನ್ ನ್ಯಾಯಾಲಯದ ವಿಚಾರಣೆ ವೇಳೆ ಹೊರಬಂತು. ಕಾಲಿನ್ಸನ ವಜ್ರ ಕೊನೆಗೆ ಸೋಮನಾಥದ ಚಂದ್ರದೇವನ ಹಣೆಗೇ ಮರಳುತ್ತದೆ. ಆದರೆ ಟಿಪ್ಪುವಿನ ಶಯನಗೃಹದ್ದೆಂದು ಹೇಳುವ ಮತ್ತೊಂದು ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲೇ 1.4 ಕೋಟಿ ಪೌಂಡಿಗೆ ಹರಾಜಾಯಿತು.