ಎಣ್ಣೆ ಕ್ಯಾನಲ್ಲಿ ಕೊತ್ತಂಬರಿ, ತಲೆ ಮೇಲೆ ಟ್ಯೂಬ್‌ಲೈಟು!

ಮಂಡ್ಯ: ವಿಶ್ವೇಶ್ವರಯ್ಯ ನಾಲೆಯ ಜಿಲ್ಲೆ ಇದು. ಊರಾಚೆ ಕಾಲಿಟ್ಟರೆ ಕಬ್ಬು, ಭತ್ತ. ಇಂಥ ಕಡೆ ಮನೆಯೊಳಗೆ ದೀಪ ಹಾಕಿ ಸೊಪ್ಪು ಬೆಳೆಯಬೇಕೆ? "ಏನ್ ಸ್ವಾಮಿ, ಕೆಲ್ಸ ಇಲ್ವಾ ನಿಮ್ಗೆ?" ಎಂದು ಯಾರಾದರೂ ಕೇಳಿಯಾರು.

ಆದರೆ ಪೇಟೆಯೊಳಗೆ ಬಾಡಿಗೆ ಮನೆಯಲ್ಲಿ ಇರೋರ ಪಾಡು ಬೇರೆ. ಹಿತ್ತಲಿಲ್ಲ. ಮಹಡಿಗೆ ಮಾಲೀಕರ ಬೀಗ. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ. ಮಳೆ ಹಿಡಿದರೆ ಕೊತ್ತಂಬರಿ ಹೊಲದಲ್ಲೇ ಕೊಳೆಯುತ್ತೆ, ಬಿಸಿಲೇರಿದರೆ ಬಲಿಯುವ ಮೊದಲೇ ಹೂ ಬಿಡುತ್ತೆ. ಎರಡು ಸಲವೂ ಕಟ್ಟಿನ ಬೆಲೆ ಏರುತ್ತೆ. ಇಂಥವರಿಗೆ ಅಡುಗೆಮನೆ ಮೂಲೆಯಲ್ಲೇ ಒಂದು ಪುಟ್ಟ ತೋಟ ಸಾಧ್ಯ. ಬೇಕಾದ ಸಾಮಾನೆಲ್ಲ ಮಂಡ್ಯ, ಮದ್ದೂರು, ಮಳವಳ್ಳಿ ಪೇಟೆಯಲ್ಲೇ ಸಿಗುತ್ತೆ.

ವಿದ್ಯೆ ಹೊಸದಲ್ಲ. ಅಮೆರಿಕದ ನಾಸಾ ಸಂಸ್ಥೆ 2014ರಲ್ಲಿ ಇಂಥದೊಂದು ದೀಪದ ಪೆಟ್ಟಿಗೆಯನ್ನು ಬಾಹ್ಯಾಕಾಶ ನಿಲ್ದಾಣಕ್ಕೇ ಕಳಿಸಿತು. ಅದರಲ್ಲಿ ಬೆಳೆದ ಲೆಟ್ಯೂಸ್ ಸೊಪ್ಪನ್ನು ಗಗನಯಾತ್ರಿಗಳು 2015ರ ಆಗಸ್ಟ್‌ನಲ್ಲಿ ತಿಂದರು. ಅಲ್ಲಿ ಆಗಿದ್ದು ಇಲ್ಲಿ ಆಗದೆ?

ಯಾವ ಡಬ್ಬ?

ದಿನಸಿ ಅಂಗಡಿ, ಹೋಟೆಲ್ಲುಗಳಲ್ಲಿ ಖಾಲಿಯಾಗುವ 15 ಲೀಟರಿನ ಪ್ಲಾಸ್ಟಿಕ್ ಎಣ್ಣೆ ಕ್ಯಾನ್ ಎರಡು ಸಾಕು. ತಳದ ತ್ರಿಕೋನ ಗುರುತಿನೊಳಗೆ 2 ಅಥವಾ 5 ಎಂದಿದ್ದರೆ ಒಳ್ಳೆಯದು. ಸೋಪಿನ ನೀರಲ್ಲಿ ಜಿಡ್ಡು ಹೋಗುವಂತೆ ತೊಳೆದು, ಅಡ್ಡ ಮಲಗಿಸಿ, ಮೇಲಿನ ಅಗಲದ ಮೈ ಕೊಯ್ದು ತೆಗೆಯಬೇಕು. ತಳಕ್ಕೆ ಏಳೆಂಟು ತೂತು. ನೀರು ಬಸಿಯಲು ಅಡಿಗೊಂದು ತಟ್ಟೆ. ಕೀಟನಾಶಕ, ಆಸಿಡ್ ತುಂಬಿದ್ದ ಕ್ಯಾನು ಮಾತ್ರ ಎಷ್ಟು ತೊಳೆದರೂ ಬೇಡವೇ ಬೇಡ. ತಿನ್ನೋದು ಮನೆ ಮಕ್ಕಳು!

ಮಣ್ಣೇ ಬೇಕೆಂದಿಲ್ಲ. ತೆಂಗಿಗೆ ಹೆಸರಾದ ಮದ್ದೂರು ಸೀಮೆಯಲ್ಲಿ ನಾರಿನ ಪುಡಿಗೆ ಬರವೇ? ಉಪ್ಪಿನಂಶ ಹೋಗಲು ಎರಡು ಮೂರು ನೀರಲ್ಲಿ ತೊಳೆದು ಹಿಂಡಿ, ಅಷ್ಟೇ ಅಳತೆಯ ಹಳೇ ಗೊಬ್ಬರ ಬೆರೆಸಿದರಾಯಿತು. ಬರೀ ನಾರಿನ ಪುಡಿಯಲ್ಲಿ ಗಿಡಕ್ಕೆ ಊಟವಿಲ್ಲ.

ದೀಪದ ಗುಟ್ಟು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಈಗ ಕರೆಂಟು ಕೊತ್ತಂಬರಿಗೆ ಬಿಸಿಲಾಗಬೇಕು. ಎರಡಡಿ ಉದ್ದದ, 10 ವ್ಯಾಟಿನ ಬಿಳಿ ಎಲ್ಇಡಿ ಟ್ಯೂಬು ಎರಡು ಸಾಕು. ನೇರಳೆ ಬಣ್ಣದ ದುಬಾರಿ ದೀಪ ಬೇಕಿಲ್ಲ. ಕ್ಯಾನುಗಳನ್ನು ಒಂದರ ಮುಂದೊಂದು ಇಟ್ಟು, ಮೇಲಿನ ಹಲಗೆಯಿಂದಲೋ ಪಿವಿಸಿ ಪೈಪಿನ ಕಮಾನಿನಿಂದಲೋ ಟ್ಯೂಬುಗಳನ್ನು ಹಗ್ಗದಲ್ಲಿ ಇಳಿಬಿಡಬೇಕು. ಎಲೆಗೂ ದೀಪಕ್ಕೂ ಒಂದು ಗೇಣಿಗಿಂತ ಕಮ್ಮಿ ಅಂತರ. ಗಿಡ ಬೆಳೆದಂತೆ ಹಗ್ಗ ಮೇಲೆತ್ತಬೇಕು. ದೀಪ ದೂರವಾದರೆ ಗಿಡ ಬೆಳಕು ಹುಡುಕಿ ಸಣಕಲಾಗಿ ಬಗ್ಗುತ್ತೆ. ದಿನಕ್ಕೆ 14 ಗಂಟೆ ಬೆಳಕು, ಉಳಿದ ಹೊತ್ತು ಕತ್ತಲೆ.

ಧನಿಯಾ ಕಾಳನ್ನು ಎರಡು ಹೋಳಾಗಿ ಒಡೆದು, ರಾತ್ರಿ ನೆನೆಸಿ ಬಿತ್ತಿ. ವಾರ, ಹತ್ತು ದಿನಕ್ಕೆ ಮೊಳಕೆ, ಸುಮಾರು 40 ದಿನಕ್ಕೆ ಸೊಪ್ಪು. ಪುದೀನ ಕಡ್ಡಿ ನೀರಲ್ಲಿಟ್ಟರೇ ಬೇರು ಬಿಡುತ್ತೆ. ದೊಡ್ಡಪತ್ರೆಯಂತೂ ಕಡ್ಡಿ ಚುಚ್ಚಿದರೆ ಸಾಕು. ಮದ್ದೂರು ವಡೆಗೆ ಹಾಕೋ ಕರಿಬೇವು ಮಾತ್ರ ಇಲ್ಲಿ ಒಗ್ಗದು, ಅದು ಮರದ ಜಾತಿ.

ನೀರು ಕೆಳಗೆ, ವೈರು ಮೇಲೆ

ಇದನ್ನು ಮರೆತರೆ ಸೊಪ್ಪಿಗಾಗಿ ಜೀವ ಹೋದೀತು. ನೀರು ಹಾಕುವ ಮುಂಚೆ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ವೈರು ಒಂದು ಡೊಂಕು ಕೆಳಗಿಳಿದು ಮತ್ತೆ ಮೇಲೇರಿ ಪ್ಲಗ್ಗಿಗೆ ಹೋಗಲಿ, ಆಗ ಹನಿ ನೀರು ಡೊಂಕಿನಲ್ಲೇ ತೊಟ್ಟಿಕ್ಕುತ್ತೆ. ಜೋಡಣೆ ಬಿಚ್ಚಿದ ವೈರು, ನೆಲದ ಮೇಲಿನ ಎಕ್ಸ್‌ಟೆನ್ಷನ್ ಬಾಕ್ಸು ಬೇಡ. ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕರೆಯಲಿ.

ಲಾಭವೋ, ನಷ್ಟವೋ?

ಅಂಗಡಿಯವರು ಕೇಳೋದೇ ಇದು. 20 ವ್ಯಾಟು, ದಿನಕ್ಕೆ 14 ಗಂಟೆ ಎಂದರೆ ತಿಂಗಳಿಗೆ ಎಂಟೂವರೆ ಯೂನಿಟ್‌ನಷ್ಟು. ಯೂನಿಟ್ಟಿಗೆ 6 ರೂ. ಹಿಡಿದರೆ 50 ರೂ. ಅದೇ 60 ವ್ಯಾಟಿನ ಹಳೇ ಬುರುಡೆ ಬಲ್ಬು ಒಂದೇ 25 ಯೂನಿಟ್ ನುಂಗುತ್ತೆ, ಪ್ಲಾಸ್ಟಿಕ್ಕನ್ನೂ ಕಾಯಿಸುತ್ತೆ. ಗೃಹಜ್ಯೋತಿ ಇರುವ ಮನೆಯವರು ತಮ್ಮ ಯೂನಿಟ್ ಮಿತಿ ದಾಟದಂತೆ ನೋಡಿಕೊಳ್ಳಲಿ. ಅಂಗಡಿ ಮೀಟರಿಗೆ ಆ ಸವಲತ್ತಿಲ್ಲ.

ಒಂದು ಕೊತ್ತಂಬರಿ ಫಸಲಿಗೆ ಹೀಗೆ 67 ರೂ. ಕರೆಂಟು. ಕೈಗೆ ಬರೋದು ಕೆಲವೇ ಕಟ್ಟು. ಸೊಪ್ಪು ಅಗ್ಗವಾದ ತಿಂಗಳಲ್ಲಿ ಇದು ನಷ್ಟವೇ, ಸುಳ್ಳೇಕೆ? ಕಿಟಕಿ ಬೆಳಕು ಸ್ವಲ್ಪ ಬಿದ್ದರೂ ದೀಪದ ಹೊತ್ತು ಇಳಿಸಬಹುದು. ಕೊಯ್ದಷ್ಟೂ ಚಿಗುರುವ ಪುದೀನ, ದೊಡ್ಡಪತ್ರೆಯಲ್ಲಿ ಲೆಕ್ಕ ಗಿಟ್ಟುತ್ತೆ.

ಆದ್ದರಿಂದ ಬೆಲೆ ಏರೋ ತಿಂಗಳಿಗೆ 40 ದಿನ ಮುಂಚೆ ಧನಿಯಾ ಬಿತ್ತಿ. ಬೆಲೆ ಇಳಿದಾಗ ದೀಪ ಆರಿಸಿ, ಸೊಪ್ಪಿನಮ್ಮನ ಹತ್ತಿರವೇ ಕೊಳ್ಳಿ. ಆಕೆಯ ಗಾಡಿಯೂ ನಡೆಯಬೇಕಲ್ಲ!