ಅಕ್ಕಡಿ ಸಾಲು ಊಟದ ತಟ್ಟೆಯಲ್ಲೂ ಇರಲಿ



ಕೆಂಗೇರಿ, ಕುಂಬಳಗೋಡು, ತಾವರೆಕೆರೆ ಕಡೆಯ ನಮ್ಮ ಹಿರಿಯರು ರಾಗಿ ಹೊಲದಲ್ಲಿ ಬರಿಯ ರಾಗಿಯನ್ನೇ ಬೆಳೆಯುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುತ್ತಿದ್ದರು. ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಉಳಿಯಲಿ ಎಂಬುದು ಅದರ ಒಂದು ಉದ್ದೇಶ. ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದುದು ಇನ್ನೊಂದು ಲಾಭ.

ಇಂದು ನಮ್ಮ ಮನೆಗಳಲ್ಲಿ ಏನಾಗುತ್ತಿದೆ, ನೀವೇ ಯೋಚಿಸಿ. ಬೆಳಗಾಗುವ ಮೊದಲೇ ಸೊಪ್ಪು, ಅವರೆಕಾಯಿ ಗಾಡಿಯೇರಿ ಮಾರುಕಟ್ಟೆಗೆ ಹೋಗುತ್ತವೆ. ಹಾಲು ಡೇರಿಗೆ ಹೋಗುತ್ತದೆ. ಮನೆಯ ಮಕ್ಕಳಿಗೆ ಟೀ, ಬಿಸ್ಕತ್ತು. ಮಧ್ಯಾಹ್ನ ತಟ್ಟೆ ತುಂಬ ಬಿಳಿ ಅನ್ನ, ತಿಳಿ ಸಾರು. ಇದರಿಂದ ಹೊಟ್ಟೆ ತುಂಬುತ್ತದೆ. ಮೈಗೆ ಬೇಕಾದುದು ಸಿಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಸುಮಾರು ಇಬ್ಬರಿಗೆ ಈ ತೊಂದರೆ ಇತ್ತು. ಅನ್ನ ಬೆಳೆಯುವವರ ಮನೆಯಲ್ಲೇ ರಕ್ತ ಕಡಿಮೆಯಾಗುವುದು ಸರಿಯೇ?

ಹಿರಿಯರ ಊಟ ಏಕೆ ಒಳ್ಳೆಯದು?

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂನ ಆಸುಪಾಸು. ಎಲುಬು, ಹಲ್ಲು ಗಟ್ಟಿಯಾಗಲು ಈ ಅಂಶ ಬೇಕು. ಆದರೆ ರಾಗಿಯೊಂದೇ ಸಾಲದು. ಮಾಂಸಖಂಡ ಬೆಳೆಸುವ ಸಸಾರಜನಕದ ಒಂದು ಮುಖ್ಯ ಭಾಗವಾದ ಲೈಸಿನ್ ರಾಗಿಯಲ್ಲಿ ಕಡಿಮೆ. ಅವರೆ, ಹುರುಳಿ, ಅಲಸಂದೆಗಳಲ್ಲಿ ಹೆಚ್ಚು. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಸ್ಸಾರಿನಲ್ಲಿ ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುತ್ತೇವೆ. ನೀರಿನಲ್ಲಿ ಕರಗಿದ ಸತ್ವವೂ ನಮಗೇ ಸಿಗುತ್ತದೆ. ಮುದ್ದೆ, ಬಸ್ಸಾರು, ಪಲ್ಯ ಎಂದರೆ ಅಕ್ಕಡಿ ಹೊಲವೇ ತಟ್ಟೆಗೆ ಬಂದಂತೆ.

ನೀವು ಮಾಡಬೇಕಾದುದು

1. ಮಾರುಕಟ್ಟೆಗೆ ಕುಕ್ಕೆ ತುಂಬುವ ಮೊದಲು ಮನೆಗೆ ಬೇಕಾದ ಸೊಪ್ಪು, ಕಾಯಿ, ಹಾಲು, ಮೊಟ್ಟೆ ತೆಗೆದಿಡಿ. ಮಿಕ್ಕಿದ್ದನ್ನು ಮಾರಿ.

2. ದಿನಕ್ಕೊಂದು ಹೊತ್ತಾದರೂ ಮುದ್ದೆ ಅಥವಾ ರಾಗಿ ರೊಟ್ಟಿ ಇರಲಿ. ಜೊತೆಗೆ ಕಾಳು, ಸೊಪ್ಪು ಇರಲಿ. ಸಾರು ಬಡಿಸುವಾಗ ಬರಿಯ ತಿಳಿ ಬೇಡ, ತಳದ ಕಾಳೂ ಬರಲಿ.

3. ಮನೆಯೊಡತಿ ಕಡೆಯಲ್ಲಿ ಉಣ್ಣುವ ಹೊತ್ತಿಗೆ ಪಾತ್ರೆಯಲ್ಲಿ ಕಾಳು, ಪಲ್ಯ ಉಳಿದಿರುವುದಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಇಲ್ಲವೇ ಆಕೆಯ ಪಾಲನ್ನು ಮೊದಲೇ ಎತ್ತಿಡಿ. ಬಸುರಿ, ಬಾಣಂತಿಯರ ವಿಷಯದಲ್ಲಿ ಇದು ತಪ್ಪಬಾರದು.

4. ಊಟದ ಜೊತೆಗೇ ಟೀ, ಕಾಫಿ ಬೇಡ. ಅವು ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ಒಂದು ಗಂಟೆ ಕಳೆದ ಮೇಲೆ ಕುಡಿಯಿರಿ. ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಹತ್ತುತ್ತದೆ.

5. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು, ಅಂದರೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡ. ಉಪ್ಪಿನಕಾಯಿ, ಹಪ್ಪಳ, ಪೊಟ್ಟಣದ ತಿಂಡಿಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

ಸಕ್ಕರೆ ಕಾಯಿಲೆಯವರು ಗಮನಿಸಿ: ರಾಗಿ ಎಂದ ಮಾತ್ರಕ್ಕೆ ಎಷ್ಟಾದರೂ ಉಣ್ಣಬಹುದು ಎಂದಲ್ಲ. ಮುದ್ದೆಯ ಗಾತ್ರ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಾಗಲಿ. ವೈದ್ಯರು ಹೇಳಿದ ಔಷಧಿ ಬಿಡಬೇಡಿ.

ನೀರಿನ ವಿಚಾರ

ಸೊಪ್ಪು ಒಳ್ಳೆಯದು, ಆದರೆ ಯಾವ ನೀರಿನ ಸೊಪ್ಪು? ಕೆಂಗೇರಿಯ ಮೇಲೆ ಹರಿದು ಬೈರಮಂಗಲ ಕೆರೆ ಸೇರುವ ವೃಷಭಾವತಿ ಇಂದು ನಗರದ ಚರಂಡಿ ನೀರನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ತರುತ್ತದೆ. ಆ ನೀರಿನಲ್ಲಿ ಬರುವ ಸೀಸದಂಥ ಲೋಹಗಳನ್ನು ಗಿಡ ಬೇರಿನಿಂದಲೇ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅವು ಹೋಗವು. ಆ ನೀರಿಗೆ ಸೊಪ್ಪು, ತರಕಾರಿ ಬೇಡ. ಮನೆಗೆ ಬೇಡ ಎನಿಸಿದ್ದನ್ನು ಮಾರುವುದೂ ಬೇಡ. ವಿಜಯನಗರ, ರಾಜಾಜಿನಗರದ ಮನೆಗಳಲ್ಲಿ ಅದನ್ನು ಉಣ್ಣುವುದೂ ಮಕ್ಕಳೇ. ಮನೆಯ ಮಟ್ಟಿಗೆ ಹಿತ್ತಿಲಲ್ಲಿ ಒಂದು ನುಗ್ಗೆ ಗಿಡ, ಒಂದು ಕರಿಬೇವು, ಶುದ್ಧ ನೀರಿನ ಎರಡು ಪಾತಿ ದಂಟು, ಹರಿವೆ ಇದ್ದರೆ ಸಾಕು.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಬರುವ ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಬಿಡಿ. ಅದಕ್ಕೂ ಮೊದಲು, ನಾಳೆ ಬೆಳಗಿನ ಕುಕ್ಕೆಯಿಂದ ಒಂದು ಕಟ್ಟು ಸೊಪ್ಪು ಮನೆಗೆ ಎತ್ತಿಡಿ.